ಮಗು ತಾನೇ ಕೂತು ಆಡಬೇಕಾದರೆ ಮನೆಯವರು ಮಾಡಬೇಕಾದದ್ದು, ಮಾಡಬಾರದ್ದು

ಸಂಜೆ ಏಳರ ಹೊತ್ತಿಗೆ ಒಲೆಯ ಮೇಲೆ ಕುಕ್ಕರ್ ಕೂಗುತ್ತಿರುತ್ತದೆ, ಮಣೆಯ ಮೇಲೆ ಹುರುಳಿಕಾಯಿ ಅರ್ಧ ಹೆಚ್ಚಿದ್ದು ಹಾಗೇ ಇರುತ್ತದೆ, ಎರಡೂವರೆ ವರ್ಷದ ಮಗು ಕಾಲನ್ನು ತಬ್ಬಿಕೊಂಡು ‘ಎತ್ಕೋ’ ಎಂದು ಅಳುತ್ತಿರುತ್ತದೆ. ಮಗುವಿನ ಕೈಗೆ ಮೊಬೈಲು ಬರುವುದು ಇಂಥ ಹೊತ್ತಿನಲ್ಲೇ. ಸ್ವಲ್ಪ ಹೊತ್ತು ತನ್ನ ಪಾಡಿಗೆ ತಾನು ಆಡಿಕೊಂಡಿರುವುದನ್ನು ಇದಕ್ಕೆ ರೂಢಿ ಮಾಡಿಸಬೇಕು ಎಂದು ಮನೆಯವರಿಗೆ ಹೊಳೆಯುವುದೂ ಇಂಥ ಹೊತ್ತಿನಲ್ಲೇ. ಆದರೆ ಆ ರೂಢಿಯನ್ನು ಶುರುಮಾಡಲು ದಿನದಲ್ಲಿ ಇದಕ್ಕಿಂತ ಕೆಟ್ಟ ಸಮಯ ಇನ್ನೊಂದಿಲ್ಲ. ಮಗು ದಣಿದಿರುತ್ತದೆ, ಹಸಿದಿರುತ್ತದೆ, ಕೆಲಸಕ್ಕೆ ಹೋದ ತಾಯಿತಂದೆಯರಿಗಾಗಿ ಬೆಳಗಿನಿಂದ ಕಾದಿರುತ್ತದೆ. ಅದಕ್ಕೆ ಆಗ ಬೇಕಾಗಿರುವುದು ಆಟವಲ್ಲ, ಮಡಿಲು.

ಹಾಗೆ ನೋಡಿದರೆ ತಾನಾಗಿ ಆಡುವುದು ಮಗುವಿಗೆ ಹೊಸದಾಗಿ ಹೇಳಿಕೊಡಬೇಕಾದ ವಿದ್ಯೆಯೇ ಅಲ್ಲ. ಮೂರು ನಾಲ್ಕು ತಿಂಗಳ ಕೂಸು ಅಂಗಾತ ಮಲಗಿ ತನ್ನ ಮುಷ್ಟಿಯನ್ನು ಕಣ್ಣೆದುರು ಹಿಡಿದು, ಬೆರಳು ಬಿಚ್ಚುವುದನ್ನೂ ಮುಚ್ಚುವುದನ್ನೂ ನೋಡುತ್ತಿರುತ್ತದಲ್ಲ, ಆಟ ಅಲ್ಲಿಂದಲೇ ಶುರುವಾಗಿರುತ್ತದೆ. ರೂಢಿ ಮಾಡಿಕೊಳ್ಳಬೇಕಾದವರು ಹಿರಿಯರು: ಪಕ್ಕದಲ್ಲೇ ಇರುವುದನ್ನು, ಇದ್ದೂ ಕೈಹಾಕದೆ ಇರುವುದನ್ನು. ಈ ಎರಡರಲ್ಲಿ ಮೊದಲನೆಯದು ನಮ್ಮ ಮನೆಗಳಿಗೆ ಸುಲಭ, ಎರಡನೆಯದು ಬಹಳ ಕಷ್ಟ. ಮಗು ಒಂದೇ ಕೂತು ಏನನ್ನೋ ಮಾಡುತ್ತಿದ್ದರೆ ‘ಪಾಪ, ಒಂದೇ ಕೂತಿದೆ’ ಎಂದು ಯಾರಾದರೂ ಎತ್ತಿಕೊಳ್ಳುತ್ತಾರೆ. ಅಕ್ಕರೆಯಿಂದಲೇ ಎತ್ತಿಕೊಳ್ಳುತ್ತಾರೆ, ಆಟ ಮಾತ್ರ ಅಲ್ಲಿಗೆ ಮುರಿಯುತ್ತದೆ.

ಒಂಟಿಯಾಗಿ ಆಡುವುದು ಒಂಟಿತನವಲ್ಲ. ಅಮೆರಿಕದ ಸಂಶೋಧಕಿ ಮಿಲ್ಡ್ರೆಡ್ ಪಾರ್ಟನ್ ಶಿಶುವಿಹಾರದ ಮಕ್ಕಳನ್ನು ಗಮನಿಸಿ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳು ಒಬ್ಬರೇ ಆಡುವುದು, ಇತರರ ಆಟವನ್ನು ನೋಡುತ್ತಾ ನಿಲ್ಲುವುದು, ಪಕ್ಕಪಕ್ಕದಲ್ಲಿ ಕೂತು ತಮ್ಮ ತಮ್ಮ ಆಟ ಆಡಿಕೊಳ್ಳುವುದು, ಕೂಡಿ ಆಡುವುದು ಮುಂತಾದ ಬಗೆಗಳನ್ನು ವಿಂಗಡಿಸಿದ್ದರು. ಮಕ್ಕಳು ಇವುಗಳನ್ನು ಒಂದೊಂದಾಗಿ ಹತ್ತಿ ಹಿಂದಿನದನ್ನು ಬಿಟ್ಟುಬಿಡುತ್ತಾರೆ ಎಂದು ತಿಳಿಯಬೇಕಾಗಿಲ್ಲ. ಗೆಳೆಯರೊಂದಿಗೆ ಚೆನ್ನಾಗಿ ಬೆರೆಯುವ ಐದು ವರ್ಷದ ಮಗುವೂ ದಿನದಲ್ಲಿ ಒಂದಷ್ಟು ಹೊತ್ತು ಒಂದೇ ಕೂತು ಆಡಬಯಸುತ್ತದೆ. ಈ ಬರಹಕ್ಕೆ ಹೆಚ್ಚು ಉಪಯುಕ್ತವಾದುದು ಪಕ್ಕಪಕ್ಕದ ಆಟ. ಎಳೆಯ ಮಗುವಿಗೆ ಬಳಿಯಲ್ಲಿ ಇನ್ನೊಂದು ಜೀವ ಇದ್ದರೆ ಸಾಕಾಗುತ್ತದೆ, ಆ ಜೀವ ತನ್ನ ಆಟದೊಳಗೆ ಬರಲೇಬೇಕೆಂದಿಲ್ಲ. ಆ ಇನ್ನೊಂದು ಜೀವ ಸೊಪ್ಪು ಬಿಡಿಸುತ್ತಾ ಕೂತಿರುವ ಅಜ್ಜಿಯಾಗಿದ್ದರೂ ಆಗುತ್ತದೆ.

ಎಷ್ಟು ಹೊತ್ತು ಆಡಬೇಕು ಎಂಬುದಕ್ಕೆ ಕಟ್ಟುನಿಟ್ಟಾದ ಲೆಕ್ಕವಿಲ್ಲ. ವರ್ಷ ತುಂಬದ ಕೂಸು ನಾಲ್ಕೈದು ನಿಮಿಷ, ಎರಡು ವರ್ಷದ ಮಗು ಹತ್ತು ನಿಮಿಷದ ಆಸುಪಾಸು, ಮೂರು ದಾಟಿದ್ದು ಕಾಲು ಗಂಟೆ, ನಾಲ್ಕೈದು ವರ್ಷದ್ದು ಅರ್ಧ ಗಂಟೆ ತನ್ನಲ್ಲೇ ಮುಳುಗಿದ್ದರೆ ಮನೆಯವರು ಸಂತೋಷಪಡಬಹುದು. ಇದು ನಾನು ಕಂಡ ಮಕ್ಕಳಿಂದ ಹೇಳುವ ಅಂದಾಜು ಮಾತ್ರ. ನಿನ್ನೆ ಇಪ್ಪತ್ತು ನಿಮಿಷ ಆಡಿದ ಮಗು ಹಲ್ಲು ಬರುತ್ತಿದ್ದರೆ, ನೆಗಡಿಯಾಗಿದ್ದರೆ, ಮನೆಗೆ ತಮ್ಮನೋ ತಂಗಿಯೋ ಬಂದಿದ್ದರೆ ಇಂದು ಎರಡು ನಿಮಿಷವೂ ಬಿಟ್ಟಿರದು.

ಮೊದಲು ಸಮಯ, ಆಮೇಲೆ ಜಾಗ

ಆರಂಭಕ್ಕೆ ಒಳ್ಳೆಯ ಹೊತ್ತು ಬೆಳಗಿನ ತಿಂಡಿಯ ನಂತರದ್ದು. ಕೆಲಸಕ್ಕೆ ಹೋಗುವ ಮನೆಗಳಲ್ಲಿ ಶನಿವಾರ, ಭಾನುವಾರದ ಬೆಳಗನ್ನೇ ಆರಿಸಿಕೊಳ್ಳುವುದು ಮೇಲು. ಹೊಟ್ಟೆ ತುಂಬಿರಬೇಕು, ನಿದ್ದೆಯಾಗಿರಬೇಕು, ಅದಕ್ಕಿಂತ ಮುಖ್ಯವಾಗಿ ಹಿರಿಯರು ಹತ್ತು ಹದಿನೈದು ನಿಮಿಷ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳದೆ ಮಗುವಿನೊಂದಿಗೆ ನೆಲದ ಮೇಲೆ ಕೂತು ಆಡಿರಬೇಕು. ಮಗುವಿಗೆ ನಮ್ಮಿಂದ ಸಿಗಬೇಕಾದದ್ದು ಮೊದಲು ಸಿಕ್ಕಿಬಿಟ್ಟರೆ ಅದು ನಮ್ಮನ್ನು ತಾನಾಗಿ ಬಿಡುತ್ತದೆ. ಸಿಗದಿದ್ದರೆ ಸೆರಗು ಹಿಡಿದೇ ಇರುತ್ತದೆ. ದಿನವೂ ಅದೇ ಹೊತ್ತಿಗೆ ಅದೇ ಜಮಖಾನವನ್ನು ಹಾಸಿದರೆ, ಕೆಲವು ದಿನಗಳಲ್ಲಿ ಜಮಖಾನ ಬಿಚ್ಚುವ ಸದ್ದಿಗೇ ಮಗು ಬಂದು ಕೂರುವುದುಂಟು.

ಜಾಗ ದೊಡ್ಡದಾಗಿರಬೇಕಿಲ್ಲ, ಆದರೆ ಹಿರಿಯರು ಕಣ್ಣಿಗೆ ಬೀಳುವಂತಿರಬೇಕು. ಪ್ರತ್ಯೇಕವಾಗಿ ಬಣ್ಣ ಬಳಿಸಿ, ಗೋಡೆಗೆ ಚಿತ್ರ ಅಂಟಿಸಿ ಸಜ್ಜು ಮಾಡಿದ ಕೋಣೆಯೊಳಗೆ ಎರಡು ವರ್ಷದ ಮಗು ಒಂದೇ ಕೂರುವುದಿಲ್ಲ. ಅದು ಅಲ್ಲಿನ ಆಟಿಕೆಗಳನ್ನೆಲ್ಲ ಒಂದೊಂದಾಗಿ ಅಡುಗೆಮನೆಯ ಹೊಸಿಲಿಗೆ ತಂದು ಹರಡಿಕೊಳ್ಳುತ್ತದೆ. ಹಾಗಾಗಿ ಜಮಖಾನವನ್ನು ಹೊಸಿಲ ಬಳಿಯೇ ಹಾಸುವುದು ವಿವೇಕ. ಆ ಜಾಗದಲ್ಲಿ ‘ಮುಟ್ಟಬೇಡ’, ‘ಎಳೀಬೇಡ’ ಎಂದು ಹೇಳಬೇಕಾದ ಯಾವ ವಸ್ತುವೂ ಇರಕೂಡದು. ಐದು ನಿಮಿಷದಲ್ಲಿ ಹತ್ತು ಸಲ ಬೇಡ ಬೇಡ ಎನ್ನಬೇಕಾದ ಕಡೆ ಮಗು ಆಡುವುದೂ ಇಲ್ಲ, ಹಿರಿಯರು ಕೈಕಟ್ಟಿ ಕೂರುವುದೂ ಇಲ್ಲ.

ಮಗುವನ್ನು ಅದರ ಪಾಡಿಗೆ ಬಿಡಬೇಕಾದರೆ ಜಾಗ ಅಪಾಯರಹಿತವಾಗಿರಬೇಕು, ಈ ಒಂದು ವಿಷಯದಲ್ಲಿ ಸಡಿಲಿಕೆ ಸಲ್ಲದು. ಬಕೆಟ್ಟಿನಲ್ಲಿ ನಿಂತ ಕೆಲವೇ ಅಂಗುಲ ನೀರಿನಲ್ಲೂ ತಲೆ ಕೆಳಗಾಗಿ ಬಿದ್ದ ಮಗು ಮುಳುಗಬಹುದು, ಆದ್ದರಿಂದ ಬಕೆಟ್ಟುಗಳನ್ನು ಬರಿದು ಮಾಡಿ ಬೋರಲು ಹಾಕಬೇಕು, ಬಚ್ಚಲಿನ ಬಾಗಿಲನ್ನು ಮುಚ್ಚಬೇಕು. ಬಾಲ್ಕನಿಯ ಕಂಬಿಯ ಬಳಿ ಕುರ್ಚಿ, ಸ್ಟೂಲು, ಹೂಕುಂಡ ಯಾವುದೂ ಇರಬಾರದು. ಕಡಲೆಬೀಜ, ಹುರಿಗಡಲೆ, ಹುಣಸೆಬೀಜ, ಕವಡೆ, ಗೋಲಿ, ಒಡೆದ ಬಲೂನಿನ ಚೂರು ಇವು ಮೂರು ವರ್ಷದೊಳಗಿನ ಮಕ್ಕಳ ಕೈಗೆ ಸಿಗಕೂಡದು. ಟಾಯ್ಲೆಟ್ ಪೇಪರ್ ಸುರುಳಿಯ ಒಳಗಿನ ರಟ್ಟಿನ ಕೊಳವೆಯಲ್ಲಿ ತೂರಿಹೋಗುವ ಯಾವುದೇ ವಸ್ತುವನ್ನೂ ಅಪಾಯದ ಪಟ್ಟಿಗೆ ಸೇರಿಸುವುದು ಮನೆಯಲ್ಲೇ ಮಾಡಬಹುದಾದ ಸರಳ ಪರೀಕ್ಷೆ. ರಿಮೋಟಿನಲ್ಲಿ, ಹಾಡುವ ಆಟಿಕೆಗಳಲ್ಲಿ ಇರುವ ಗುಂಡಿಯಾಕಾರದ ಚಿಕ್ಕ ಬ್ಯಾಟರಿ ಇವೆಲ್ಲಕ್ಕಿಂತ ಕೆಟ್ಟದ್ದು. ನುಂಗಿದ ಬ್ಯಾಟರಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಅಲ್ಲಿ ತೀವ್ರವಾದ ಸುಟ್ಟಗಾಯ ಮಾಡಬಲ್ಲದು. ಮಗು ಅದನ್ನು ನುಂಗಿದೆ ಎಂಬ ಅನುಮಾನ ಬಂದರೂ ಸಾಕು, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಧಾವಿಸಬೇಕು.

ಆಟಿಕೆ ಕಡಿಮೆಯಿದ್ದಷ್ಟೂ ಆಟ ಹೆಚ್ಚು

ಹುಟ್ಟುಹಬ್ಬಕ್ಕೆ ಬಂದ ಆಟಿಕೆಗಳನ್ನೆಲ್ಲ ಒಂದು ದೊಡ್ಡ ಪ್ಲಾಸ್ಟಿಕ್ ಬುಟ್ಟಿಗೆ ಸುರಿದಿಟ್ಟರೆ ಮಗು ಮಾಡುವುದು ಒಂದೇ ಕೆಲಸ: ಬುಟ್ಟಿಯನ್ನು ಬೋರಲು ಹಾಕಿ ಎದ್ದು ಬರುವುದು. ಅಮೆರಿಕದ ಟೊಲೆಡೊ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 36 ಪುಟ್ಟ ಮಕ್ಕಳನ್ನು ಒಮ್ಮೆ ನಾಲ್ಕು ಆಟಿಕೆಗಳೊಂದಿಗೆ, ಇನ್ನೊಮ್ಮೆ ಹದಿನಾರು ಆಟಿಕೆಗಳೊಂದಿಗೆ ಆಡಲು ಬಿಟ್ಟು ನೋಡಿದಾಗ, ನಾಲ್ಕೇ ಇದ್ದಾಗ ಮಕ್ಕಳು ಒಂದೊಂದರ ಜೊತೆಗೂ ಹೆಚ್ಚು ಹೊತ್ತು, ಹೆಚ್ಚು ಬಗೆಗಳಲ್ಲಿ ಆಡಿದ್ದು ಕಂಡುಬಂತು. ಮನೆಯಲ್ಲಿ ಇದನ್ನು ಅನುಸರಿಸುವುದು ಸುಲಭ. ನಾಲ್ಕೈದು ವಸ್ತುಗಳನ್ನು ಕೆಳಗಿಟ್ಟು ಉಳಿದವನ್ನು ಅಟ್ಟಕ್ಕೆ ಏರಿಸಬೇಕು, ವಾರಕ್ಕೋ ಹತ್ತು ದಿನಕ್ಕೋ ಒಮ್ಮೆ ಒಂದೆರಡನ್ನು ಬದಲಿಸಬೇಕು. ಅಟ್ಟದಿಂದ ಇಳಿದ ಹಳೆಯ ಆಟಿಕೆಯನ್ನು ಮಗು ಹೊಸದೆಂಬಂತೆ ಹಿಡಿದುಕೊಳ್ಳುತ್ತದೆ.

ಗುಂಡಿ ಒತ್ತಿದರೆ ತಾನೇ ಹಾಡಿ ತಾನೇ ಕುಣಿಯುವ ಆಟಿಕೆಯ ಮುಂದೆ ಮಗು ಬರೀ ನೋಡುಗ. ಏನೂ ಮಾಡದೆ ಸುಮ್ಮನೆ ಬಿದ್ದಿರುವ ವಸ್ತುವೇ ಮಗುವಿನಿಂದ ಕೆಲಸ ಮಾಡಿಸುತ್ತದೆ. ಈ ದೃಷ್ಟಿಯಿಂದ ನಮ್ಮ ಅಡುಗೆಮನೆಯಷ್ಟು ಒಳ್ಳೆಯ ಆಟಿಕೆಯಂಗಡಿ ಬೇರೆ ಇಲ್ಲ. ಒಂದರೊಳಗೊಂದು ಕೂರುವ ಸ್ಟೀಲಿನ ಡಬ್ಬಿಗಳು, ಹಳೆಯ ಮನೆಗಳಲ್ಲಿ ಇನ್ನೂ ಉಳಿದಿರುವ ಸೇರು, ಪಾವು, ಚಟಾಕುಗಳ ಅಳತೆ ಪಾತ್ರೆಗಳು, ಇಡ್ಲಿತಟ್ಟೆ, ಜರಡಿ, ಮರದ ಸೌಟು, ಉಜ್ಜಿ ನುಣುಪು ಮಾಡಿದ ತೆಂಗಿನ ಕರಟ, ಸಣ್ಣ ಬಿದಿರಿನ ಮೊರ ಇವುಗಳಲ್ಲಿ ಯಾವುದನ್ನು ಕೊಟ್ಟರೂ ಮಗು ತುಂಬುತ್ತದೆ, ಸುರಿಯುತ್ತದೆ, ಜೋಡಿಸುತ್ತದೆ, ಬಡಿಯುತ್ತದೆ. ಬಡಿಯುವ ಸದ್ದನ್ನು ಸಹಿಸಿಕೊಳ್ಳಬೇಕು, ಅದು ಇದರ ಬೆಲೆ. ಹಳೆಯ ಪಂಚೆಯ ತುಂಡೊಂದು ಒಂದು ಗಂಟೆಯೊಳಗೆ ಡೇರೆಯೂ ಆಗುತ್ತದೆ, ಸೀರೆಯೂ ಆಗುತ್ತದೆ, ಮಲಗಿಸಿದ ಸೌಟಿಗೆ ಹೊದಿಕೆಯೂ ಆಗುತ್ತದೆ.

ಕೊಳ್ಳುವುದೇ ಆದರೆ ಚನ್ನಪಟ್ಟಣದ ಮರದ ಆಟಿಕೆಗಳನ್ನು ಕೊಳ್ಳಬಹುದು. ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಿಡಿಸಿದ ಉಂಗುರದ ಗೋಪುರ, ಬುಗುರಿ, ಎಳೆಯುವ ಗಾಡಿ ಇವುಗಳಿಗೆ ಚೂಪಾದ ಅಂಚಿಲ್ಲ, ಆಡುವ ಕ್ರಮವನ್ನು ಅವು ಮೊದಲೇ ಹೇಳಿಬಿಡುವುದೂ ಇಲ್ಲ. ಭಾರತದಲ್ಲಿ 2021ರ ಜನವರಿ 1ರಿಂದ ಹದಿನಾಲ್ಕು ವರ್ಷದೊಳಗಿನ ಮಕ್ಕಳ ಆಟಿಕೆಗಳ ಮೇಲೆ ಐಎಸ್‌ಐ ಗುರುತು ಕಡ್ಡಾಯವಾಗಿದೆ. ನೋಂದಾಯಿತ ಕುಶಲಕರ್ಮಿಗಳು ಕೈಯಿಂದ ತಯಾರಿಸಿದ್ದಕ್ಕೂ ಭೌಗೋಳಿಕ ಸೂಚಿಕೆ, ಅಂದರೆ ಇಂಥ ಊರಿನದೇ ವಿಶಿಷ್ಟ ವಸ್ತು ಎಂಬ ಅಧಿಕೃತ ಗುರುತು, ಪಡೆದ ಚನ್ನಪಟ್ಟಣದಂಥ ಆಟಿಕೆಗಳಿಗೂ ವಿನಾಯಿತಿಯಿದೆ. ಹಾಗಾಗಿ ಚನ್ನಪಟ್ಟಣದ ಆಟಿಕೆಯ ಮೇಲೆ ಆ ಗುರುತು ಕಾಣದಿದ್ದರೆ ಗಾಬರಿಯಾಗಬೇಕಿಲ್ಲ, ಜಾತ್ರೆಯಲ್ಲಿ ಸಿಗುವ ಪ್ಲಾಸ್ಟಿಕ್ ಆಟಿಕೆಯ ಮೇಲೆ ಕಾಣದಿದ್ದರೆ ಕೊಳ್ಳದಿರುವುದು ಕ್ಷೇಮ.

ಹಿಂದೆ ಸರಿಯುವ ಬಗೆ

ಜೊತೆಯಲ್ಲಿ ಆಡುತ್ತಿದ್ದವರು ಒಮ್ಮೆಲೇ ಎದ್ದು ಹೋಗಬಾರದು. ಮಗು ಬೇರೆ ಕಡೆ ನೋಡುತ್ತಿರುವಾಗ ಸದ್ದಿಲ್ಲದೆ ಜಾರಿಕೊಳ್ಳುವುದಂತೂ ಕೂಡದು. ಒಮ್ಮೆ ಹಾಗೆ ಮೋಸಹೋದ ಮಗು ಮುಂದಿನ ಹತ್ತು ದಿನ ಆಡುವುದನ್ನು ಬಿಟ್ಟು ನಮ್ಮನ್ನೇ ಕಾಯುತ್ತದೆ. ಮೊದಲ ಕೆಲವು ದಿನ ಜಮಖಾನದ ಮೇಲೆಯೇ ಕೂತು ಆಟದಿಂದ ಕೈ ತೆಗೆಯುವುದಷ್ಟೇ ಕೆಲಸ. ಮಗು ಡಬ್ಬಿ ಜೋಡಿಸುತ್ತದೆ, ನಾವು ನೋಡುತ್ತೇವೆ. ಅದು ತಲೆಯೆತ್ತಿದರೆ ಮುಗುಳ್ನಗುತ್ತೇವೆ, ಮಾತಾಡುವುದಿಲ್ಲ. ಆಮೇಲಿನ ದಿನಗಳಲ್ಲಿ ಅಲ್ಲೇ ಕೂತು ಬಟ್ಟೆ ಮಡಿಸುವುದೋ ಸೊಪ್ಪು ಸೋಸುವುದೋ ಶುರುವಾಗಬೇಕು. ಕೈಯಲ್ಲಿ ಮೊಬೈಲ್ ಮಾತ್ರ ಬೇಡ. ಬಟ್ಟೆ ಮಡಿಸುವವರ ಕಣ್ಣು ಮಗುವಿಗೆ ಸಿಗುತ್ತದೆ, ಮೊಬೈಲಿನಲ್ಲಿರುವವರ ಕಣ್ಣು ಸಿಗುವುದಿಲ್ಲ, ಈ ವ್ಯತ್ಯಾಸ ವರ್ಷದ ಕೂಸಿಗೂ ತಿಳಿಯುತ್ತದೆ. ಇದಾದ ಮೇಲೆ ಕುರ್ಚಿಗೆ, ಅಲ್ಲಿಂದ ಅಡುಗೆಮನೆಗೆ ಸರಿಯಬಹುದು.

ಎದ್ದು ಹೋಗುವಾಗ ಹೇಳಿ ಹೋಗಬೇಕು, ಹೇಳಿದಂತೆ ಬರಬೇಕು. ‘ಪುಟ್ಟಿ, ಅಮ್ಮ ಅನ್ನಕ್ಕಿಟ್ಟು ಬರ್ತೀನಿ, ನೀನು ಆಡ್ತಿರು’ ಎಂದರೆ ಸಾಕು. ‘ಐದು ನಿಮಿಷ’ ಎಂಬ ಮಾತು ಮೂರು ವರ್ಷದ ಮಗುವಿಗೆ ಅರ್ಥವಾಗುವುದಿಲ್ಲ; ‘ಕುಕ್ಕರ್ ಎರಡು ಸಲ ಕೂಗಿದ ಮೇಲೆ’ ಎಂಬುದು ಚೆನ್ನಾಗಿ ಅರ್ಥವಾಗುತ್ತದೆ. ಎರಡನೆಯ ಕೂಗಿಗೆ ಅರ್ಧ ಹೆಚ್ಚಿದ ತರಕಾರಿಯನ್ನು ಅಲ್ಲೇ ಬಿಟ್ಟಾದರೂ ಬಂದು ಮುಖ ತೋರಿಸಬೇಕು. ಮಗು ಆಟದಲ್ಲಿ ಮುಳುಗಿ ನಮ್ಮನ್ನು ಗಮನಿಸದಿದ್ದರೆ ಮಾತಾಡಿಸದೆ ಹಿಂದಿರುಗಬೇಕು.

ಕೈಕಟ್ಟಿ ಕೂರುವ ಕಷ್ಟ

ನನ್ನ ಮಗಳಿಗೆ ಎರಡು ವರ್ಷ ಮೂರು ತಿಂಗಳಾಗಿದ್ದಾಗ ಒಂದು ಬೆಳಿಗ್ಗೆ ಐದು ಸ್ಟೀಲ್ ಡಬ್ಬಿಗಳನ್ನೂ ಅವುಗಳ ಮುಚ್ಚಳಗಳನ್ನೂ ಮುಂದಿಟ್ಟುಕೊಂಡು ಕೂತಿದ್ದಳು. ದೊಡ್ಡ ಮುಚ್ಚಳವನ್ನು ಚಿಕ್ಕ ಡಬ್ಬಿಯ ಮೇಲಿಟ್ಟು ಅಂಗೈಯಿಂದ ಗುದ್ದಿದಳು, ಅದು ಅಲುಗಾಡಿತು. ತೆಗೆದು ಬೋರಲು ಮಾಡಿ ಇಟ್ಟಳು, ಜಾರಿ ಬಿತ್ತು. ಸರಿಯಾದ ಮುಚ್ಚಳ ಅವಳ ಮೊಣಕಾಲಿನ ಪಕ್ಕದಲ್ಲೇ ಇತ್ತು. ಅದನ್ನು ಒಂದು ಅಂಗುಲ ಮುಂದಕ್ಕೆ ತಳ್ಳಲು ನನ್ನ ಬೆರಳು ಎಷ್ಟು ತವಕಿಸುತ್ತಿತ್ತೆಂದರೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂರಬೇಕಾಯಿತು. ಅವಳು ಡಬ್ಬಿಯನ್ನೇ ಎತ್ತಿ ಮುಚ್ಚಳದೊಳಗೆ ಕೂರಿಸಿದಳು. ಅದು ತಟ್ಟೆಯಲ್ಲಿಟ್ಟ ಲೋಟದಂತೆ ಕೂತಿತು. ಮುಚ್ಚಳ ಡಬ್ಬಿಯ ಮೇಲೆಯೇ ಇರಬೇಕು ಎಂಬುದು ನನ್ನ ತಲೆಯಲ್ಲಿದ್ದ ಆಟವಾಗಿತ್ತು, ಅವಳದು ಬೇರೆಯೇ ಇತ್ತು. ಉಳಿದ ಡಬ್ಬಿಗಳಿಗೂ ತಟ್ಟೆ ಹುಡುಕಲು ಅವಳು ಹೊರಟಾಗ ನಮ್ಮ ಅತ್ತೆಯವರು ಸುಲಿದ ಬಾಳೆಹಣ್ಣು ಹಿಡಿದು ಬಂದು ‘ಬಾ ಕಂದ, ಒಂದು ತುತ್ತು’ ಎಂದರು. ಹಣ್ಣು ಹೊಟ್ಟೆಗೆ ಹೋಯಿತು, ಡಬ್ಬಿಗಳು ಮರೆತುಹೋದವು.

ಹಿರಿಯರಿಗೆ ‘ಮಾತಾಡಿಸಬೇಡಿ’ ಎಂದು ಹೇಳುವುದು ಸುಲಭವಲ್ಲ, ಹೇಳಿದರೆ ಮನಸ್ಸಿಗೆ ನೋವಾಗುತ್ತದೆ. ನಮ್ಮಲ್ಲಿ ಫಲಿಸಿದ ಉಪಾಯಕ್ಕೆ ಮರಿಯಾ ಮಾಂಟೆಸೊರಿಯ ಅನುಭವವೊಂದು ದಾರಿ ತೋರಿಸಿತು. 1939ರಲ್ಲಿ ಚೆನ್ನೈನ ಅಡ್ಯಾರಿಗೆ ಬಂದು ಯುದ್ಧದ ವರ್ಷಗಳನ್ನು ಭಾರತದಲ್ಲೇ ಕಳೆದು ಇಲ್ಲಿನ ಶಿಕ್ಷಕರಿಗೆ ತರಬೇತಿ ಕೊಟ್ಟ ಈ ಇಟಲಿಯ ವೈದ್ಯೆ, ಮೂರು ವರ್ಷದ ಆಸುಪಾಸಿನ ಹುಡುಗಿಯೊಬ್ಬಳು ಮರದ ಗೂಟಗಳನ್ನು ಅವುಗಳ ಕುಳಿಗಳಿಂದ ತೆಗೆಯುವುದನ್ನೂ ಮತ್ತೆ ಕೂರಿಸುವುದನ್ನೂ ನಲವತ್ತಕ್ಕೂ ಹೆಚ್ಚು ಸಲ ಮಾಡಿದ್ದನ್ನು ಎಣಿಸಿದ್ದರು. ಸುತ್ತಲಿನ ಮಕ್ಕಳು ಹಾಡಿದರೂ, ಅವಳನ್ನು ಕುರ್ಚಿಸಮೇತ ಎತ್ತಿ ಮೇಜಿನ ಮೇಲಿಟ್ಟರೂ ಅವಳು ಕೆಲಸ ನಿಲ್ಲಿಸಿರಲಿಲ್ಲ. ಆ ಎಣಿಸುವ ಕೆಲಸವನ್ನು ನಾವು ಅತ್ತೆಯವರಿಗೆ ವಹಿಸಿದೆವು. ‘ಅವಳು ಎಷ್ಟು ಸಲ ಮುಚ್ತಾಳೆ ನೋಡಿ ಹೇಳಿ ಅತ್ತೆ, ಅವಳಿಗೆ ಗೊತ್ತಾಗಬಾರದು’ ಎಂದಾಗ ಅವರಿಗೂ ಅದು ಆಟವಾಯಿತು. ‘ಇವತ್ತು ಹದಿನೇಳು ಸಲ’ ಎಂದು ಸಂಜೆ ಅವರೇ ವರದಿ ಒಪ್ಪಿಸತೊಡಗಿದರು. ಬಾಳೆಹಣ್ಣು ಆಟ ಮುಗಿಯುವವರೆಗೆ ಸಿಪ್ಪೆಯಲ್ಲೇ ಕಾಯತೊಡಗಿತು.

ಹೊಗಳಿಕೆಯೂ ಒಂದು ಬಗೆಯ ಅಡ್ಡಿಯೇ. ಮಗು ಮೂರು ಡಬ್ಬಿ ಪೇರಿಸಿದ ಕೂಡಲೇ ಚಪ್ಪಾಳೆ ತಟ್ಟಿದರೆ ಅದರ ಗಮನ ಡಬ್ಬಿಯನ್ನು ಬಿಟ್ಟು ಚಪ್ಪಾಳೆಯ ಕಡೆ ತಿರುಗುತ್ತದೆ. ಆಡಿದ್ದಕ್ಕೆ ಚಾಕಲೇಟು ಕೊಡುವುದು ಇನ್ನೂ ಹಾಳು. ಲೆಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಸಂಶೋಧಕರು 1973ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳ ಪೈಕಿ ಬಹುಮಾನದ ಮಾತು ಕೊಟ್ಟು ಬರೆಸಿದವರು ಆಮೇಲೆ ತಾವಾಗಿ ಬರೆಯುವುದನ್ನು ಕಡಿಮೆ ಮಾಡಿದರು. ಮಗು ತಾನೇ ತಂದು ತೋರಿಸಿದರೆ ‘ದೊಡ್ಡದರ ಮೇಲೆ ಚಿಕ್ಕದನ್ನ ಇಟ್ಟಿದ್ದೀಯ’ ಎಂದು ಕಂಡದ್ದನ್ನು ಹೇಳಿದರೆ ಅದಕ್ಕೆ ತೃಪ್ತಿಯಾಗುತ್ತದೆ. ಅದು ತನ್ನೊಳಗೇ ಗುನುಗುತ್ತಾ ಮಾತಾಡಿಕೊಳ್ಳುತ್ತಿದ್ದರೆ ‘ಏನಂದೆ?’ ಎಂದು ಕೇಳುವ ಅಗತ್ಯವಿಲ್ಲ, ಆ ಮಾತು ನಮಗೆ ಹೇಳಿದ್ದಲ್ಲ.

ಸಹಾಯ ಕೇಳಿದಾಗ ಕೊಡಬೇಕು, ಆದರೆ ಸಿಕ್ಕಿಕೊಂಡದ್ದು ಸಡಿಲವಾಗುವಷ್ಟು ಮಾತ್ರ. ಮುಚ್ಚಳ ಬಿಗಿಯಾಗಿದ್ದರೆ ಅಂಚನ್ನು ಒಂದು ಕಡೆ ಎತ್ತಿಕೊಟ್ಟರೆ ಸಾಕು, ಪೂರ್ತಿ ತೆಗೆಯುವುದು ಮಗುವಿನ ಪಾಲಿಗಿರಲಿ. ‘ನೀನೂ ಬಾ’ ಎಂದು ಕರೆದಾಗ ದಿನವೂ ನಿರಾಕರಿಸಬೇಕಿಲ್ಲ; ಕೂತು, ಅದು ಹೇಳಿದಂತೆ ಸುಳ್ಳು ಕಾಫಿ ಕುಡಿದು, ಆಟ ಹಳಿಗೆ ಬಿದ್ದ ಮೇಲೆ ಮತ್ತೆ ಹಿಂದೆ ಸರಿಯಬಹುದು. ನಾಲ್ಕು ವರ್ಷದ ಮಗು ‘ಬೋರ್ ಆಗ್ತಿದೆ’ ಎಂದರೆ ಆಟಗಳ ಪಟ್ಟಿ ಒಪ್ಪಿಸಬಾರದು. ‘ಹೌದಾ? ನಾನು ಚಪಾತಿ ಮಾಡ್ತಿದೀನಿ, ಬೇಕಾದ್ರೆ ಇಲ್ಲೇ ಕೂತ್ಕೋ’ ಎಂದು ನಮ್ಮ ಕೆಲಸ ಮುಂದುವರಿಸಿದರೆ ಅದು ಸ್ವಲ್ಪ ಹೊತ್ತು ಗೊಣಗುತ್ತದೆ, ನೆಲದ ಮೇಲೆ ಉರುಳಾಡುತ್ತದೆ, ಆಮೇಲೆ ಲಟ್ಟಣಿಗೆಯನ್ನೋ ಹಿಟ್ಟಿನ ಚೂರನ್ನೋ ಕೇಳಿ ಪಡೆದು ಏನನ್ನೋ ಆರಂಭಿಸುತ್ತದೆ. ಆ ಉರುಳಾಟದ ನಿಮಿಷಗಳನ್ನು ತಾಳಿಕೊಳ್ಳಲಾರದೆ ಟಿವಿ ಹಾಕುವವರೇ ಹೆಚ್ಚು.

ಪರದೆಯ ಮುಂದೆ ಮಗು ಸುಮ್ಮನೆ ಕೂರುತ್ತದೆ ನಿಜ, ಆದರೆ ಅದನ್ನು ತಾನಾಗಿ ಆಡುವುದರ ಲೆಕ್ಕಕ್ಕೆ ಸೇರಿಸಬಾರದು. ಅಲ್ಲಿ ಆಟ ನಡೆಸುತ್ತಿರುವುದು ಪರದೆ. ಭಾರತೀಯ ಮಕ್ಕಳ ವೈದ್ಯರ ಸಂಘವಾದ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2021ರಲ್ಲಿ ಹೊರಡಿಸಿದ ಮಾರ್ಗಸೂಚಿಯಂತೆ ಎರಡು ವರ್ಷದೊಳಗಿನ ಮಕ್ಕಳಿಗೆ ದೂರದ ಬಂಧುಗಳೊಂದಿಗೆ ಆಗೀಗ ಮಾಡುವ ವಿಡಿಯೊ ಕರೆಯನ್ನು ಬಿಟ್ಟರೆ ಪರದೆ ಬೇಡ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು, ಕಡಿಮೆಯಾದಷ್ಟೂ ಒಳ್ಳೆಯದು. ಬೆಳಗಿನ ಆಟ ಒಂದು ಹದಕ್ಕೆ ಬಂದ ಮೇಲೆ ಸಂಜೆ ಏಳರ ಹೊತ್ತಿಗೆ ಜಮಖಾನವನ್ನು ಹಾಸಿ ನೋಡಬಹುದು, ಆಗಲೂ ಮನೆಗೆ ಬಂದವರು ಮೊದಲ ಹತ್ತು ನಿಮಿಷ ಮಡಿಲನ್ನೇ ಕೊಡಬೇಕು.

ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ತಾನಾಗಿ ಆಡುವ ಮಗು ನಡುನಡುವೆ ತಲೆಯೆತ್ತಿ ನಮ್ಮನ್ನು ಹುಡುಕುತ್ತದೆ, ಏನನ್ನಾದರೂ ತಂದು ತೋರಿಸುತ್ತದೆ, ಬೆರಳು ಚಾಚಿ ಹೇಳುತ್ತದೆ. ವರ್ಷ ದಾಟಿ ಎಷ್ಟೋ ತಿಂಗಳಾದರೂ ಹೆಸರು ಹಿಡಿದು ಕರೆದರೆ ತಿರುಗದ, ಬೆರಳು ತೋರಿಸದ, ಏನನ್ನೂ ಹಂಚಿಕೊಳ್ಳದ, ಗಾಡಿಯ ಚಕ್ರವೊಂದನ್ನೇ ದಿನವಿಡೀ ತಿರುಗಿಸುತ್ತಾ ಕೂರುವ ಮಗುವನ್ನು ‘ಎಷ್ಟು ಸಾಧು’ ಎಂದು ಮೆಚ್ಚಿಕೊಂಡು ಕಾಲ ಕಳೆಯದೆ ಮಕ್ಕಳ ವೈದ್ಯರಿಗೆ ತೋರಿಸಬೇಕು. ಮಾತು, ಕಿವಿಗಳ ತಪಾಸಣೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ, ಬೆಳವಣಿಗೆ ಮತ್ತು ನಡವಳಿಕೆಯ ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್ ಇವೆ.

ಆಟ ಮುಗಿದ ಮೇಲೆ ಎತ್ತಿಡುವುದನ್ನು ಮಗುವಿನೊಂದಿಗೆ ಸೇರಿಯೇ ಮಾಡಬೇಕು. ನಾಲ್ಕೈದು ವಸ್ತುಗಳಷ್ಟೇ ಇದ್ದರೆ ಅದು ಎರಡು ನಿಮಿಷದ ಕೆಲಸ. ಆದರೆ ಅರ್ಧಕ್ಕೆ ನಿಂತ ಆಟವನ್ನು ಕೆಡಿಸದೆ ರಾತ್ರಿಯಿಡೀ ಹಾಗೆಯೇ ಬಿಡುವಷ್ಟು ಜಾಗವನ್ನು ದಿವಾನದ ಕೆಳಗೋ ಗೋಡೆಯ ಬದಿಗೋ ಮಾಡಿಕೊಟ್ಟರೆ, ಮರುದಿನ ಯಾರೂ ಕೂರಿಸಬೇಕಾಗುವುದಿಲ್ಲ. ನಮ್ಮಲ್ಲಿ ಡಬ್ಬಿಗಳ ಸಾಲು ಒಮ್ಮೊಮ್ಮೆ ಮೂರು ದಿನ ನಿಂತಿರುತ್ತದೆ. ಕಸ ಗುಡಿಸುವಾಗ ಅತ್ತೆಯವರು ಪೊರಕೆಯನ್ನು ಅದರ ಸುತ್ತ ಬಳಸಿ ಆಡಿಸುತ್ತಾರೆ.